ಬಂದ ರಾಡಿ, ಹೋದ ನೀರು

ಅಮೆರಿಕದ ಹಲವು ರಾಜ್ಯಗಳ ಮಳೆನೀರು ಕೈಪಿಡಿಗಳಲ್ಲಿ ಒಂದು ಅಂಕಿ ಮತ್ತೆ ಮತ್ತೆ ಎದುರಾಗುತ್ತದೆ: ಶೇ 80. ಊರಂಚಿನಲ್ಲಿ ಹೊಸ ಬಡಾವಣೆಯೋ ಮಾಲೋ ಎದ್ದಿತು ಎನ್ನಿ. ಅದರ ಚಾವಣಿ, ರಸ್ತೆ, ಪಾರ್ಕಿಂಗ್ ಜಾಗಗಳ ಮೇಲೆ ಬಿದ್ದ ಮಳೆ ಹೊಳೆ ಸೇರುವ ಮುನ್ನ ಒಂದು ಹೊಂಡವನ್ನೋ, ಮರಳಿನ ಫಿಲ್ಟರನ್ನೋ, ಗಿಡ ನೆಟ್ಟ ತಗ್ಗು ಪಾತಿಯನ್ನೋ ಹಾದುಹೋಗಬೇಕು. ನೀರಿನೊಂದಿಗೆ ತೇಲಿಬಂದ ಹೂಳಿನ ನೂರರಲ್ಲಿ ಎಂಬತ್ತು ಪಾಲು ಅಲ್ಲೇ ಉಳಿಯಬೇಕು ಎಂಬುದು ನಿಯಮ. ಓದುವುದಕ್ಕೆ ಸರಳ, ಜಾರಿಗೆ ಸುಲಭ. ಆದರೆ ಆ ಎಂಬತ್ತನ್ನು ನಿಜವಾಗಿ ಅಳೆಯಲು ಹೋದವರು ಕಳೆದ ಐದಾರು ದಶಕಗಳಲ್ಲಿ ಕಂಡುಕೊಂಡ ಸಂಗತಿಗಳು ಅಷ್ಟು ಸರಳವಾಗಿಲ್ಲ. ಆ ಚರಿತ್ರೆಯನ್ನು ಮುಂದಿಟ್ಟುಕೊಂಡು ನಾನು ವಾದಿಸುವುದು ಇಷ್ಟು: ಕೊಳೆಯ ಎಷ್ಟು ಪಾಲು ನಿಂತಿತು ಎಂಬ ಪ್ರಶ್ನೆ ಕೊಳಚೆ ನೀರಿನ ಘಟಕಗಳಿಂದ ಎರವಲು ತಂದದ್ದು, ಮಳೆಗೆ ಅದು ಒಗ್ಗಲಿಲ್ಲ. ಹೊಳೆಗೆ ಕೊನೆಗೆ ಏನು ಸೇರಿತು, ಎಷ್ಟು ನೀರಿನೊಂದಿಗೆ ಸೇರಿತು, ಅಲ್ಲಿ ಬದುಕಿದ್ದ ಜೀವಿಗಳಿಗೆ ಏನಾಯಿತು ಎಂದು ಅಳೆದಾಗ ಮಾತ್ರ ಈ ವ್ಯವಸ್ಥೆಗಳ ಯೋಗ್ಯತೆ ಗೊತ್ತಾಗುತ್ತದೆ.

ಎರವಲು ಎಲ್ಲಿಂದ ಬಂತೆಂಬುದನ್ನು ಮೊದಲು ನೋಡಬೇಕು. 1972ರಲ್ಲಿ ಅಮೆರಿಕದ ಕಾಂಗ್ರೆಸ್ಸು ಶುದ್ಧ ಜಲ ಕಾಯಿದೆಯನ್ನು ಅಂಗೀಕರಿಸಿತು. ಮರುವರ್ಷ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ, ಎಂದರೆ ಇಪಿಎ, ಊರುಗಳ ಕೊಳಚೆ ಶುದ್ಧೀಕರಣ ಘಟಕಗಳಿಗೆ ಎರಡು ಷರತ್ತು ಹಾಕಿತು. ಹೊರಬಿಡುವ ನೀರಿನಲ್ಲಿ ತೇಲುವ ಕಣಗಳು ತಿಂಗಳ ಸರಾಸರಿಯಲ್ಲಿ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ಜೊತೆಗೆ ಒಳಬಂದದ್ದರಲ್ಲಿ ಶೇ 85 ಭಾಗ ತೆಗೆದಿರಬೇಕು. ಮನೆಗಳ ಕೊಳಚೆಯಲ್ಲಿ ಸಾಮಾನ್ಯವಾಗಿ ಲೀಟರಿಗೆ 200 ಮಿಲಿಗ್ರಾಂ ಆಸುಪಾಸಿನಲ್ಲಿ ಈ ಕಣಗಳಿರುತ್ತವೆ. ಇನ್ನೂರರಲ್ಲಿ ಶೇ 85 ಕಳೆದರೆ ಉಳಿಯುವುದು ಮೂವತ್ತೇ. ಹಾಗಾಗಿ ಎರಡೂ ಷರತ್ತುಗಳು ಒಂದೇ ಮಾತನ್ನು ಎರಡು ಬಗೆಯಲ್ಲಿ ಹೇಳುತ್ತಿದ್ದವು. ಊರಿನ ಜನ ಬೆಳಿಗ್ಗೆ ಏಳುತ್ತಾರೆ, ಸ್ನಾನ ಮಾಡುತ್ತಾರೆ, ಪಾತ್ರೆ ತೊಳೆಯುತ್ತಾರೆ. ಕೊಳಚೆಯ ಏರಿಳಿತಕ್ಕೆ ದಿನಚರಿಯಿದೆ, ಅದನ್ನು ನಿನ್ನೆಯ ಲೆಕ್ಕ ನೋಡಿ ಇಂದು ಹೇಳಬಹುದು. ಅಂಥ ಕಡೆ ಶೇಕಡಾ ಲೆಕ್ಕ ಸುಳ್ಳಾಡುವುದಿಲ್ಲ. ಮಳೆಗೆ ದಿನಚರಿಯಿಲ್ಲ. ಮೂರು ವಾರ ಒಣಗಿದ ರಸ್ತೆಯ ಮೇಲೆ ಬಿದ್ದ ಮೊದಲ ಮಳೆಯ ನೀರೂ, ಮೂರನೆಯ ದಿನವೂ ಬಿಡದೆ ಸುರಿದ ಮಳೆಯ ನೀರೂ ಒಂದೇ ಕೊಳವೆಯಲ್ಲಿ ಹರಿದರೂ ಅವುಗಳಲ್ಲಿನ ಕೊಳೆ ಹತ್ತಾರು ಪಟ್ಟು ಬೇರೆ. ಒಂದೇ ಮಳೆಯಲ್ಲೂ ಮೊದಲ ಕಾಲು ಗಂಟೆಯ ನೀರಿಗೂ ಕೊನೆಯ ಕಾಲು ಗಂಟೆಯ ನೀರಿಗೂ ಹೋಲಿಕೆಯಿರುವುದಿಲ್ಲ.

ಮಳೆನೀರು ಕೊಳೆಯಾಗಿರುತ್ತದೆ ಎಂಬುದೇ ಒಂದು ಕಾಲಕ್ಕೆ ಹೊಸ ಸುದ್ದಿ. ಮಲಿನ ನೀರಿಗೂ ಮಳೆನೀರಿಗೂ ಒಂದೇ ಕೊಳವೆಯಿದ್ದ ಹಳೆಯ ಅಮೆರಿಕನ್ ನಗರಗಳಲ್ಲಿ, ಎರಡನ್ನೂ ಬೇರ್ಪಡಿಸಿಬಿಟ್ಟರೆ ಮಳೆಯನ್ನು ನೇರ ಹೊಳೆಗೆ ಬಿಡಬಹುದು ಎಂಬ ನಂಬಿಕೆಯಿತ್ತು. ಆ ನಂಬಿಕೆಯನ್ನು ಅಲುಗಾಡಿಸಿದ್ದು 1964ರಲ್ಲಿ ಪ್ರಕಟವಾದ ಸಿನ್ಸಿನಾಟಿಯ ಅಧ್ಯಯನ. ವೈಬೆಲ್, ಆಂಡರ್ಸನ್, ವುಡ್‌ವರ್ಡ್ ಎಂಬ ಮೂವರು ಸಂಶೋಧಕರು 27 ಎಕರೆಯ ಒಂದು ವಸತಿ ಪ್ರದೇಶದ ಮಳೆನೀರನ್ನು ಹಿಡಿದು ಪರೀಕ್ಷಿಸಿದಾಗ, ಹೂಳಿನ ಲೆಕ್ಕದಲ್ಲಿ ಅದು ಕೊಳಚೆ ನೀರಿಗಿಂತ ಕಡಿಮೆಯೇನೂ ಇರಲಿಲ್ಲ. 1972ರಲ್ಲಿ ಸಾರ್ಟರ್ ಮತ್ತು ಬಾಯ್ಡ್ ಬೀದಿಗಳನ್ನೇ ಗುಡಿಸಿ, ತೊಳೆದು, ಬಂದ ಧೂಳನ್ನು ಜರಡಿ ಹಿಡಿದು ಮತ್ತೊಂದು ಸಂಗತಿ ತೋರಿಸಿದರು. 43 ಮೈಕ್ರಾನಿಗಿಂತ ಸಣ್ಣ ಕಣಗಳು ಬೀದಿಯ ಒಟ್ಟು ಧೂಳಿನ ತೂಕದಲ್ಲಿ ಕೇವಲ ಶೇ 6ರಷ್ಟು. ಆದರೆ ನೀರಿನ ಆಮ್ಲಜನಕ ತಿನ್ನುವ ಕೊಳೆಯ ಕಾಲು ಭಾಗ, ಪಾಚಿ ಬೆಳೆಸುವ ಪೋಷಕಾಂಶಗಳ ಮೂರರಲ್ಲೊಂದರಿಂದ ಅರ್ಧ ಭಾಗ ಆ ಸಣ್ಣ ಕಣಗಳಿಗೇ ಅಂಟಿತ್ತು. ಬೀದಿ ಗುಡಿಸುವ ಯಂತ್ರಗಳು ಅವುಗಳಲ್ಲಿ ಶೇ 85ರಷ್ಟನ್ನು ಹಾಗೆಯೇ ಬಿಟ್ಟು ಹೋಗುತ್ತಿದ್ದವು. ಮುಂದಿನ ಎಲ್ಲ ಗೊಂದಲದ ಬೀಜ ಇಲ್ಲೇ ಇದೆ. ತೂಕದಲ್ಲಿ ಅಳೆದರೆ ಕಸದ ಬಹುಪಾಲು ಗುಡಿಸಿಯಾಗಿತ್ತು, ವಿಷದ ಲೆಕ್ಕದಲ್ಲಿ ನೋಡಿದರೆ ಗುಡಿಸದ ಚೂರಿನಲ್ಲೇ ಬಹಳಷ್ಟು ಉಳಿದಿತ್ತು. ಆದರೂ ಕಾನೂನು ಮುಂದೆ ಆರಿಸಿಕೊಂಡದ್ದು ತೂಕವನ್ನೇ.

ದೇಶವ್ಯಾಪಿ ಅಳತೆ ಶುರುವಾದದ್ದು 1978ರಲ್ಲಿ. ಮಳೆನೀರು ಕೊಳವೆಗಳಿಗೆ ಪರವಾನಗಿಯೇ ಬೇಡ ಎಂದು ಕೈತೊಳೆದುಕೊಳ್ಳಲು ಇಪಿಎ ಯತ್ನಿಸಿತ್ತು. 1977ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಹಾಗೆ ವಿನಾಯಿತಿ ಕೊಡುವ ಅಧಿಕಾರ ಸಂಸ್ಥೆಗಿಲ್ಲ ಎಂದು ತೀರ್ಪಿತ್ತಿತು. ಅಂಕಿಅಂಶ ಬೇಕಾಯಿತು. ‘ರಾಷ್ಟ್ರವ್ಯಾಪಿ ನಗರ ಮಳೆನೀರು ಕಾರ್ಯಕ್ರಮ’ದಡಿ 28 ಯೋಜನೆಗಳು, 81 ಜಾಗಗಳು, 2,300ಕ್ಕೂ ಹೆಚ್ಚು ಮಳೆಗಳು, ಅಂತಿಮ ವರದಿ 1983ರ ಡಿಸೆಂಬರಿನಲ್ಲಿ ಬಂತು. ಈ ಕೆಲಸದ ಸ್ವರೂಪ ಗೊತ್ತಿಲ್ಲದವರಿಗೆ ಅಂಕಿಗಳ ಬೆಲೆ ತಿಳಿಯುವುದಿಲ್ಲ. ಕೊಳವೆಯ ಬಾಯಲ್ಲಿ ಹರಿವಿನ ಎತ್ತರವನ್ನು ಕ್ಷಣಕ್ಷಣವೂ ಬರೆದುಕೊಳ್ಳುವ ಮಾಪಕ ಇರುತ್ತದೆ. ಅದರ ಪಕ್ಕದ ಪೆಟ್ಟಿಗೆಯಲ್ಲಿ ಒಂದು ಪಂಪು, ಹಿಮದ ನಡುವೆ ವೃತ್ತಾಕಾರವಾಗಿ ಜೋಡಿಸಿದ ಬಾಟಲಿಗಳು. ಇಂತಿಷ್ಟು ಸಾವಿರ ಲೀಟರ್ ನೀರು ಹರಿದುಹೋದ ಹಾಗೆಲ್ಲ ಪಂಪು ತಾನಾಗಿ ತಿರುಗಿ, ಬೆರಳು ಗಾತ್ರದ ನಳಿಕೆಯಿಂದ ಒಂದು ಗುಟುಕು ನೀರು ಹೀರಿ ಬಾಟಲಿಗೆ ಸುರಿಯುತ್ತದೆ. ಮಳೆ ನಡುರಾತ್ರಿ ಬಂದರೆ ಸಿಬ್ಬಂದಿ ನಡುರಾತ್ರಿ ಹೊರಡಬೇಕು, ಬಾಟಲಿಗಳನ್ನು ತಂಪು ಆರುವ ಮುನ್ನ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ನಳಿಕೆಗೆ ಎಲೆ ಸಿಕ್ಕಿಕೊಂಡರೆ, ಬ್ಯಾಟರಿ ಸೋತರೆ, ಹೊಳೆಯೇ ಉಕ್ಕಿ ಕೊಳವೆಗೆ ಹಿಂದಕ್ಕೆ ನುಗ್ಗಿದರೆ ಆ ಮಳೆಯ ಲೆಕ್ಕ ಪೂರ್ತಿ ವ್ಯರ್ಥ. ಹೀಗೆ ಹಿಡಿದ ನೀರಿನಿಂದ ಒಂದು ಮಳೆಯಲ್ಲಿ ಹರಿದ ಒಟ್ಟು ಮಾಲಿನ್ಯವನ್ನು ಹರಿದ ಒಟ್ಟು ನೀರಿನಿಂದ ಭಾಗಿಸಿ ಪಡೆಯುವ ಸರಾಸರಿ ಸಾಂದ್ರತೆಯೇ ಇಂದಿಗೂ ಈ ವಿದ್ಯೆಯ ಮೂಲಮಾನ.

1983ರ ವರದಿ ಹೇಳಿದ್ದು ಬಹಳ. ಸೀಸ, ತಾಮ್ರ, ಸತು ಈ ಮೂರು ಲೋಹಗಳು ಶೇ 90ಕ್ಕಿಂತ ಹೆಚ್ಚು ಮಾದರಿಗಳಲ್ಲಿ ಸಿಕ್ಕವು. ಹೂಳು ನಡುಮಟ್ಟದ ಜಾಗದಲ್ಲಿ ಲೀಟರಿಗೆ ಸುಮಾರು 100 ಮಿಲಿಗ್ರಾಂ. ಬೀದಿ ಗುಡಿಸುವುದರಿಂದ ಮಳೆನೀರಿನ ಗುಣಮಟ್ಟಕ್ಕೆ ಹೇಳಿಕೊಳ್ಳುವಂಥ ಲಾಭವಿಲ್ಲ. ಮಳೆ ನಿಂತೊಡನೆ ಬರಿದಾಗುವ ಒಣ ಹೊಂಡಗಳಿಂದಲೂ ಇಲ್ಲ. ಸದಾ ನೀರು ನಿಲ್ಲುವಂತೆ ಕಟ್ಟಿದ, ಸಾಕಷ್ಟು ದೊಡ್ಡ ಹೊಂಡಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಇವೆಲ್ಲಕ್ಕಿಂತ ಮಹತ್ವದ್ದು, ನನ್ನ ಮಟ್ಟಿಗೆ, ಈ ಸಾಂದ್ರತೆಗಳು ಹಂಚಿಹೋಗಿರುವ ರೀತಿಯ ಬಗ್ಗೆ ವರದಿ ಹೇಳಿದ ಮಾತು. ಹೆಚ್ಚಿನ ಮಳೆಗಳಲ್ಲಿ ಕೊಳೆ ಸಾಧಾರಣ. ಕೆಲವೇ ಮಳೆಗಳಲ್ಲಿ ವಿಪರೀತ. ಲಘುಗಣಕದ ಅಳತೆಗೋಲಿನ ಮೇಲಿಟ್ಟರೆ ಮಾತ್ರ ಅವು ಗಂಟೆಯಾಕಾರಕ್ಕೆ ಬರುತ್ತವೆ. ಇದರರ್ಥ, ನಾಲ್ಕಾರು ಮಳೆ ನೋಡಿ ತೆಗೆದ ಸಾಧಾರಣ ಸರಾಸರಿಗೆ ಅರ್ಥವಿಲ್ಲ, ಎರಡು ಸರಾಸರಿಗಳ ಅನುಪಾತಕ್ಕೆ ಇನ್ನೂ ಇಲ್ಲ. ಎಚ್ಚರಿಕೆ ಮೊದಲ ದೊಡ್ಡ ಅಳತೆಯಲ್ಲೇ ಅಡಗಿತ್ತು. ಅದನ್ನು ಓದುವ ವ್ಯವಧಾನ ಆಡಳಿತಕ್ಕೆ ಇರಲಿಲ್ಲ.

ಯಾಕೆಂದರೆ ಕೆಲಸ ಅವಸರದ್ದಾಗಿತ್ತು. 1987ರಲ್ಲಿ ಕಾಂಗ್ರೆಸ್ಸು ಕಾಯಿದೆಗೆ ತಿದ್ದುಪಡಿ ತಂದು ಮಳೆನೀರನ್ನು ಪರವಾನಗಿಯ ಚೌಕಟ್ಟಿಗೆ ತಂದಿತು. 1990ರ ನಿಯಮಗಳು ಲಕ್ಷಕ್ಕೆ ಮೇಲ್ಪಟ್ಟ ಜನರಿಗೆ ಪ್ರತ್ಯೇಕ ಮಳೆನೀರು ಜಾಲವಿರುವ ನಗರಗಳಿಗೆ, 1999ರವು ಚಿಕ್ಕ ಊರುಗಳಿಗೆ ಅನ್ವಯಿಸಿದವು. ನೂರಾರು ಪುರಸಭೆಗಳ ಎಂಜಿನಿಯರುಗಳ ಮುಂದೆ ಒಂದೇ ಪ್ರಶ್ನೆ: ಏನು ಕಟ್ಟಬೇಕು? 1987ರಲ್ಲೇ ಥಾಮಸ್ ಶೂಲರ್ ವಾಷಿಂಗ್ಟನ್ ಮಹಾನಗರ ಮಂಡಳಿಗಾಗಿ ಬರೆದ ಕೈಪಿಡಿ ಯಾವ ರಚನೆ ಯಾವ ಮಾಲಿನ್ಯವನ್ನು ಎಷ್ಟು ಪಾಲು ತಡೆಯುತ್ತದೆ ಎಂದು ಪಟ್ಟಿ ಮಾಡಿತ್ತು. ಕರಾವಳಿ ವಲಯ ಕಾಯಿದೆಯ 1990ರ ತಿದ್ದುಪಡಿಯ ಮೇರೆಗೆ ಇಪಿಎ 1993ರಲ್ಲಿ ಹೊರಡಿಸಿದ ಮಾರ್ಗಸೂಚಿ, ಹೊಸ ಬಡಾವಣೆಗಳಿಂದ ವರ್ಷದ ಸರಾಸರಿ ಹೂಳಿನ ಹೊರೆ ಶೇ 80ರಷ್ಟು ಇಳಿಯಬೇಕು ಎಂದಿತು. ವರ್ಷದ ಹೊರೆ ಎಂಬ ಮಾತನ್ನು ಗಮನಿಸಬೇಕು. ಅದು ಜಾಣ ಮಾತು, ನೀರಿನ ಪ್ರಮಾಣವೂ ಅದರಲ್ಲಿ ಸೇರಿದೆ. ಆದರೆ ರಾಜ್ಯಗಳ ಕೈಪಿಡಿಗಳಿಗೆ ಇಳಿಯುತ್ತ ಇಳಿಯುತ್ತ ಆ ವಿವರ ಸವೆದು, ಎಂಬತ್ತು ಎಂಬ ಅಂಕಿ ಯಂತ್ರದ ಮೇಲೆ ಅಂಟಿಸುವ ಚೀಟಿಯಾಯಿತು. ಈ ಹೊಂಡ ಎಂಬತ್ತರದ್ದು, ಆ ಫಿಲ್ಟರ್ ಅರವತ್ತರದ್ದು, ಎರಡನ್ನೂ ಒಂದರ ಹಿಂದೊಂದು ಇಟ್ಟರೆ ತೊಂಬತ್ತೆರಡು ಎಂದು ಗುಣಿಸಿ ಕೂಡಿಸಿ ನಕ್ಷೆಗಳು ಮಂಜೂರಾದವು.

ಈ ಲೆಕ್ಕದಲ್ಲಿ ತಪ್ಪೇನು? ಒಂದು ಹೊಂಡಕ್ಕೆ ಲೀಟರಿಗೆ 200 ಮಿಲಿಗ್ರಾಂ ಹೂಳಿನ ನೀರು ಬಂದು 40 ಮಿಲಿಗ್ರಾಮಿನದು ಹೊರಟರೆ ಅದರ ಅಂಕ ಶೇ 80. ಇನ್ನೊಂದಕ್ಕೆ 40 ಬಂದು 20 ಹೊರಟರೆ ಶೇ 50. ಹೊಳೆಗೆ ಒಳ್ಳೆಯ ನೀರು ಕೊಟ್ಟದ್ದು ಎರಡನೆಯದು, ನಪಾಸಾದದ್ದೂ ಅದೇ. ಎರಡನೆಯ ಜಾಗದಲ್ಲಿ ಯಾರೋ ಮೇಲ್ಗಡೆಯೇ ಮಣ್ಣು ಕೊಚ್ಚದಂತೆ ಹುಲ್ಲು ಬೆಳೆಸಿ ನೀರನ್ನು ತಿಳಿಗೊಳಿಸಿದ್ದಿರಬಹುದು. ಶೇಕಡಾ ಲೆಕ್ಕ ಅವರನ್ನೇ ದಂಡಿಸುತ್ತದೆ. ಇನ್ನು ಸರಾಸರಿಯ ಮಾತು. ದೊಡ್ಡ ಮಳೆಯೊಂದರಲ್ಲಿ 1,000 ಕಿಲೊ ಹೂಳು ಬಂದು 500 ಕಿಲೊ ಹೊರಹೋಯಿತು: ಶೇ 50. ತುಂತುರು ಮಳೆಯಲ್ಲಿ 10 ಕಿಲೊ ಬಂದು 1 ಕಿಲೊ ಹೋಯಿತು: ಶೇ 90. ಎರಡರ ಸರಾಸರಿ ಶೇ 70 ಎಂದು ವರದಿ ಬರೆಯಬಹುದು. ಹೂಳನ್ನು ತೂಗಿ ನೋಡಿದರೆ ನಿಂತದ್ದು ಅರ್ಧಕ್ಕಿಂತ ಒಂದು ಕೂದಲೆಳೆ ಹೆಚ್ಚು. ಅದೇ ಮಾಹಿತಿಯಿಂದ ಇಬ್ಬರು ಪ್ರಾಮಾಣಿಕರು ಇಷ್ಟು ದೂರದ ಎರಡು ಉತ್ತರ ತೆಗೆಯಬಹುದಾದರೆ ಆ ಮಾನದಂಡವನ್ನು ಕಾನೂನಿನ ಆಧಾರವಾಗಿಸುವುದು ಅಪಾಯ. ಮೂರನೆಯದು, ಹೊಂಡಗಳಿಗೂ ಒಂದು ತಳಮಿತಿಯಿದೆ. 1996ರಲ್ಲಿ ಅದೇ ಶೂಲರ್ ಅನೇಕ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ, ಹೂಳು ಲೀಟರಿಗೆ 20ರಿಂದ 40 ಮಿಲಿಗ್ರಾಮಿನ ಕೆಳಗೆ, ರಂಜಕ 0.15ರಿಂದ 0.2ರ ಕೆಳಗೆ ಇಂಥ ರಚನೆಗಳಲ್ಲಿ ಇಳಿಯುವುದು ಅಪರೂಪ ಎಂದು ತೋರಿಸಿದರು. ಶೇಕಡಾ ಪಟ್ಟಿಗಳನ್ನು ಜನಪ್ರಿಯಗೊಳಿಸಿದವರೇ ಅವುಗಳ ಮಿತಿಯನ್ನೂ ಬರೆದದ್ದು ಈ ಚರಿತ್ರೆಯ ದೊಡ್ಡ ಗುಣ. ಆ ತಳಕ್ಕೆ ಮುಟ್ಟಿದ ಮೇಲೆ ಇನ್ನೊಂದು ಹೊಂಡ ಜೋಡಿಸಿದರೆ ತೊಂಬತ್ತೆರಡು ಬರುವುದು ಕಾಗದದ ಮೇಲೆ ಮಾತ್ರ.

ಹೂಳನ್ನು ಅಳೆಯುವ ಕೈಯೂ ನಂಬುವಂತಿರಲಿಲ್ಲ ಎಂಬುದು ತಡವಾಗಿ ಬೆಳಕಿಗೆ ಬಂತು. ಪ್ರಯೋಗಾಲಯದ ಸಾಮಾನ್ಯ ವಿಧಾನ ಕೊಳಚೆ ನೀರಿಗಾಗಿ ರೂಪುಗೊಂಡದ್ದು: ಬಾಟಲಿ ಕುಲುಕಿ, ಅದರಿಂದ ನೂರು ಮಿಲಿಲೀಟರಿನಷ್ಟು ನೀರನ್ನು ಪಿಪೆಟ್ಟಿನಲ್ಲಿ ಎಳೆದು, ಸೋಸುಕಾಗದದ ಮೇಲೆ ಸುರಿದು, ಒಣಗಿಸಿ ತೂಗುವುದು. ಕೊಳಚೆಯ ಕಣಗಳು ಹಗುರ, ಎಲ್ಲೆಡೆ ಸಮವಾಗಿ ತೇಲುತ್ತವೆ, ಯಾವ ನೂರು ಮಿಲಿಲೀಟರ್ ತೆಗೆದರೂ ಒಂದೇ. ರಸ್ತೆಯ ನೀರಿನಲ್ಲಿ ಮರಳಿದೆ. ಕುಲುಕಿದ ಕೈ ನಿಲ್ಲುವಷ್ಟರಲ್ಲಿ ಮರಳು ಬಾಟಲಿಯ ತಳ ಸೇರಿರುತ್ತದೆ, ಪಿಪೆಟ್ಟಿಗೆ ಸಿಗುವುದು ಮೇಲಿನ ನೀರು. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಗ್ರೇ ಮತ್ತು ಸಹೋದ್ಯೋಗಿಗಳು ಮೂರು ಸಾವಿರಕ್ಕೂ ಹೆಚ್ಚು ಜೋಡಿ ಮಾದರಿಗಳನ್ನು ಹೋಲಿಸಿ 2000ದಲ್ಲಿ ಪ್ರಕಟಿಸಿದ ವರದಿ, ಹೂಳಿನಲ್ಲಿ ಮರಳಿನ ಪಾಲು ಕಾಲು ಭಾಗ ದಾಟಿದರೆ ಈ ವಿಧಾನ ನಿಜಕ್ಕಿಂತ ಕಡಿಮೆ ತೋರಿಸುತ್ತದೆ ಎಂದಿತು. ಬಾಟಲಿಯ ನೀರನ್ನು ಪೂರ್ತಿ ಸೋಸಿ ತೂಗುವ ವಿಧಾನವೇ ಸರಿ ಎಂದಿತು. ಸರಿಯಾದ ವಿಧಾನದಲ್ಲೂ ಒಂದು ಮೋಸದ ಹಾದಿಯಿದೆ. ಒಳಬಾಯಿಯ ನಳಿಕೆಯನ್ನು ಕೊಳವೆಯ ನೆಲಕ್ಕೆ ಒತ್ತಿ ಇಟ್ಟರೆ ಉರುಳಿಬರುವ ಮರಳೆಲ್ಲ ಲೆಕ್ಕಕ್ಕೆ ಸೇರುತ್ತದೆ, ಮರಳು ಎಂಥ ತೊಟ್ಟಿಯಲ್ಲೂ ನಿಲ್ಲುತ್ತದೆ, ಅಂಕ ಸಲೀಸಾಗಿ ಎಂಬತ್ತು ಮುಟ್ಟುತ್ತದೆ. ನೆಲದಡಿ ಹೂಳುವ ಸಿದ್ಧ ಸಾಧನಗಳ ಮಾರುಕಟ್ಟೆ ಬೆಳೆದಂತೆ ಯಾವ ಗಾತ್ರದ ಮರಳನ್ನು ಬೆರೆಸಿ ಪರೀಕ್ಷಿಸಿದರು ಎಂಬುದೇ ಫಲಿತಾಂಶವನ್ನು ನಿರ್ಧರಿಸತೊಡಗಿತು. ತಾಮ್ರವೂ ರಂಜಕವೂ ಅಂಟಿಕೊಂಡಿದ್ದ ಸಣ್ಣ ಕಣಗಳು, ಸಾರ್ಟರ್ ಮತ್ತು ಬಾಯ್ಡ್ ಬೀದಿಯಲ್ಲಿ ಕಂಡಂತೆಯೇ, ತಪ್ಪಿಸಿಕೊಂಡು ಹೊಳೆ ಸೇರುತ್ತಲೇ ಇದ್ದವು.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವನ್ನು ಎದುರಿಸಬೇಕು. ಹೊರಹೋದ ನೀರನ್ನಷ್ಟೇ ನೋಡಿದರೆ, ಬಂದ ನೀರೇ ತಿಳಿಯಾಗಿದ್ದ ಕಡೆ ಏನೂ ಮಾಡದ ಗುಂಡಿಯೂ ಪಾಸಾಗುತ್ತದೆ, ಕೆಟ್ಟ ಕೈಗಾರಿಕಾ ಪ್ರದೇಶದ ಕೆಳಗೆ ಹಗಲಿರುಳು ದುಡಿಯುವ ಹೊಂಡ ಫೇಲಾಗುತ್ತದೆ, ಇದಾವ ನ್ಯಾಯ? ಮಾತು ಸರಿ. ಅದಕ್ಕೆ ಉತ್ತರ ಒಳನೀರಿನ ಅಳತೆಯನ್ನು ಬಿಡುವುದರಲ್ಲಿಲ್ಲ, ಎರಡನ್ನೂ ಅಳೆದು ಒಂದೇ ಅಂಕಿಗೆ ಹಿಂಡದಿರುವುದರಲ್ಲಿದೆ. ಬಂದ ನೀರಿನ ಎಲ್ಲ ಮಳೆಗಳ ಸಾಂದ್ರತೆಯನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ಒಂದು ಗೆರೆ, ಹೋದ ನೀರಿನದಕ್ಕೆ ಇನ್ನೊಂದು ಗೆರೆ; ಎರಡೂ ಗೆರೆಗಳು ನಿಜಕ್ಕೂ ಬೇರೆಯೋ ಅಥವಾ ಕಾಕತಾಳೀಯವೋ ಎಂದು ಸಂಖ್ಯಾಶಾಸ್ತ್ರದಿಂದ ಪರೀಕ್ಷೆ. ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘವೂ ಇಪಿಎಯೂ ಸೇರಿ 1996ರಲ್ಲಿ ಆರಂಭಿಸಿದ ಮಳೆನೀರು ದತ್ತಸಂಚಯದ ಹಿಂದಿದ್ದ ಎರಿಕ್ ಸ್ಟ್ರೆಕರ್, ಬೆನ್ ಅರ್ಬೋನಸ್ ಮೊದಲಾದವರು 2001ರ ಲೇಖನದಲ್ಲಿ, 2002ರ ಮಾರ್ಗದರ್ಶಿಯಲ್ಲಿ ಎತ್ತಿಹಿಡಿದದ್ದು ಈ ಬಗೆಯ ವಿಧಾನವನ್ನೇ. ಗೆರೆಗಳನ್ನು ನೋಡಿದರೆ ಸಣ್ಣ ಕೊಳೆಯ ಮಳೆಗಳಲ್ಲಿ ಹೊಂಡ ಸುಮ್ಮನಿತ್ತು, ದೊಡ್ಡ ಕೊಳೆಯ ಮಳೆಗಳಲ್ಲಿ ಚೆನ್ನಾಗಿ ದುಡಿಯಿತು ಎಂಬಂಥ ಸಂಗತಿ ಕಣ್ಣಿಗೆ ಬೀಳುತ್ತದೆ. ಶೇ 63 ಎಂಬ ಒಂಟಿ ಅಂಕಿಯಲ್ಲಿ ಅದು ಕಾಣುವುದಿಲ್ಲ. 2007ರಲ್ಲಿ ಆ ದತ್ತಸಂಚಯದ ತಂಡ, ತಾನು ಶೇಕಡಾ ನಿವಾರಣೆಯನ್ನು ಏಕೆ ಪ್ರಕಟಿಸುವುದಿಲ್ಲ ಎಂದು ಬಹಿರಂಗವಾಗಿಯೇ ವಿವರಿಸಿತು. ಎಲ್ಲರೂ ಕೇಳುತ್ತಿದ್ದ ಅಂಕಿಯನ್ನು ಕೊಡಲು ನಿರಾಕರಿಸುವುದಕ್ಕೆ ಧೈರ್ಯ ಬೇಕು, ಆ ಧೈರ್ಯವನ್ನು ನಾನು ಮೆಚ್ಚುತ್ತೇನೆ.

ಇನ್ನೊಂದು ಆಕ್ಷೇಪ ಕಚೇರಿಯದು. ನಕ್ಷೆ ಹಿಡಿದು ಬಂದ ಗುತ್ತಿಗೆದಾರನಿಗೆ ಅಧಿಕಾರಿ ಗೆರೆಗಳನ್ನು ತೋರಿಸಿ ಕೂರಲಾಗದು. ಹೌದು ಅಥವಾ ಇಲ್ಲ ಎನ್ನಬೇಕು. ಅದಕ್ಕೆ ಅಂಕಿ ಬೇಕು. ಬೇಕು, ಒಪ್ಪುತ್ತೇನೆ, ಆದರೆ ಆ ಅಂಕಿ ಒಂದೇ ಆಗಬೇಕೆಂದೇನೂ ಇಲ್ಲ ಎಂಬುದಕ್ಕೆ ವಾಷಿಂಗ್ಟನ್ ರಾಜ್ಯವೇ ಸಾಕ್ಷಿ. ಅಲ್ಲಿನ ಪರಿಸರ ಇಲಾಖೆ ಹೊಸ ಸಾಧನಗಳನ್ನು ಪರೀಕ್ಷಿಸಲು ರೂಪಿಸಿದ ಕ್ರಮದಲ್ಲಿ, ಬಂದ ನೀರಿನಲ್ಲಿ ಹೂಳು ಲೀಟರಿಗೆ 100ರಿಂದ 200 ಮಿಲಿಗ್ರಾಂ ಇದ್ದರೆ ಶೇ 80 ತೆಗೆಯಬೇಕು. ನೂರಕ್ಕಿಂತ ಕಡಿಮೆಯಿದ್ದರೆ ಶೇಕಡಾ ಮಾತೇ ಇಲ್ಲ, ಹೋಗುವ ನೀರು 20 ಮಿಲಿಗ್ರಾಂ ಮೀರಬಾರದು. ಇನ್ನೂರು ದಾಟಿದರೆ ಎಂಬತ್ತಕ್ಕಿಂತ ಹೆಚ್ಚು ತೆಗೆಯಬೇಕು. ಪರೀಕ್ಷೆ ನಿಜವಾದ ರಸ್ತೆಯಲ್ಲಿ, ನಿಜವಾದ ಮಳೆಗಳಲ್ಲಿ, ಕನಿಷ್ಠ ಹನ್ನೆರಡು ಸಲ ನಡೆಯಬೇಕು. ಅಧಿಕಾರಿಗೂ ಹೊಳೆಗೂ ಇದು ನಿಭಾಯಿಸಬಹುದಾದ ನಿಯಮ. ಶೇಕಡಾ ಅಂಕಿ ಇಲ್ಲದಿದ್ದರೆ ನಗರಗಳು ಏನನ್ನೂ ಕಟ್ಟುತ್ತಿರಲಿಲ್ಲ ಎನ್ನುವವರೂ ಇದ್ದಾರೆ. ಇರಬಹುದು, 1990ರ ದಶಕದ ಅವಸರದಲ್ಲಿ ಆ ಅಂಕಿ ಗುದ್ದಲಿ ನೆಲಕ್ಕೆ ತಾಗುವಂತೆ ಮಾಡಿತು. ಅದರ ಋಣ ಅಷ್ಟಕ್ಕೆ ಮುಗಿಯಿತು ಎಂದು ನನ್ನ ಅಭಿಪ್ರಾಯ.

ಈ ಅಮೆರಿಕದ ವ್ಯಾಜ್ಯ ನಮಗೇಕೆ ಎಂದು ಕೇಳುವ ಬೆಂಗಳೂರಿಗರಿಗೆ ಒಂದು ಮಾತು. ನಮ್ಮ ರಾಜಕಾಲುವೆಗಳಲ್ಲಿ ಮಳೆಯಿಲ್ಲದ ದಿನವೂ ಕೊಳಚೆ ಹರಿಯುತ್ತದೆ. ಅಂಥ ಕಾಲುವೆಯ ಬಾಯಲ್ಲಿ ಯಾವ ಜೌಗುಪಾತಿ ಕಟ್ಟಿದರೂ ಶೇಕಡಾ ಲೆಕ್ಕದಲ್ಲಿ ಅದು ಮೆರೆಯುತ್ತದೆ, ಏಕೆಂದರೆ ಒಳಬರುವುದು ಅಷ್ಟು ಹೊಲಸು. ಶೇ 80 ಕಳೆದ ಮೇಲೂ ಕೆರೆಗೆ ಬೀಳುವುದು ನೊರೆಯೇಳುವ ನೀರೇ ಆಗಿರಬಹುದು. ಎರವಲಿನ ತಪ್ಪು ಇಲ್ಲಿ ದುಪ್ಪಟ್ಟಾಗುತ್ತದೆ.

ಮತ್ತೆ ಅಮೆರಿಕಕ್ಕೆ ಬಂದರೆ, ಅಳತೆ ಸರಿಯಾದ ಮೇಲೆ ಸಿಕ್ಕ ಫಲಿತಾಂಶಗಳು ಹಿತವಾಗಿರಲಿಲ್ಲ. 1990ರ ದಶಕದ ಆರಂಭದಲ್ಲಿ ಮೇರಿಲ್ಯಾಂಡಿನ ಪ್ರಿನ್ಸ್ ಜಾರ್ಜಸ್ ಕೌಂಟಿಯಲ್ಲಿ ಹುಟ್ಟಿದ ಗಿಡಪಾತಿಗಳು, ಎಂದರೆ ಮರಳು, ಮಣ್ಣು, ಗೊಬ್ಬರ ಬೆರೆಸಿ ಗಿಡ ನೆಟ್ಟು ಮಳೆನೀರು ಇಂಗಿಸುವ ತಗ್ಗುಗಳು, ಎಲ್ಲರ ಮೆಚ್ಚುಗೆ ಗಳಿಸಿದ್ದವು. ಉತ್ತರ ಕೆರೊಲಿನಾದಲ್ಲಿ ವಿಲಿಯಂ ಹಂಟ್ ಮತ್ತು ಸಹೋದ್ಯೋಗಿಗಳು ಅಳೆದು 2006ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಚಾಪೆಲ್ ಹಿಲ್ಲಿನ ಪಾತಿ ರಂಜಕವನ್ನು ಶೇ 65ರಷ್ಟು ತಗ್ಗಿಸಿದರೆ, ಗ್ರೀನ್ಸ್‌ಬರೋದ ಪಾತಿ ಬಂದದ್ದಕ್ಕಿಂತ ಶೇ 240 ಹೆಚ್ಚು ರಂಜಕವನ್ನು ಹೊರಬಿಟ್ಟಿತ್ತು. ತುಂಬಿದ ಮಣ್ಣಿನಲ್ಲೇ ರಂಜಕ ಅತಿಯಾಗಿತ್ತು. ಎರಡು ಪಾತಿಗಳ ಹೆಸರು ಒಂದೇ, ಕೈಪಿಡಿಯ ಅಂಕವೂ ಒಂದೇ ಆಗಬಹುದಿತ್ತು. ಅಳೆಯದಿದ್ದರೆ ಗ್ರೀನ್ಸ್‌ಬರೋದ ಮಣ್ಣು ಹೊಳೆಗೆ ಗೊಬ್ಬರ ಹಾಕುತ್ತಿದ್ದುದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಆದರೆ ಇದೇ ಪಾತಿಗಳು ಇನ್ನೊಂದು ಲಾಭ ಕೊಡುತ್ತವೆ, ಸಾಂದ್ರತೆಯ ಅಂಕಿಗೆ ಅದು ನಿಲುಕುವುದಿಲ್ಲ. ಬಂದ ನೀರಿನ ಅರ್ಧ ನೆಲಕ್ಕೆ ಇಂಗಿ, ಉಳಿದರ್ಧ ಅದೇ ಸಾಂದ್ರತೆಯಲ್ಲಿ ಹೊರಟರೆ ಸಾಂದ್ರತೆಯ ಶೇಕಡಾ ಸೊನ್ನೆ. ಹೊಳೆಗೆ ಸೇರಿದ ಹೊರೆ ಅರ್ಧ. ನೀರೇ ಕಡಿಮೆಯಾದಾಗ ಹೊಳೆಯ ದಡವೂ ಕೊಚ್ಚುವುದಿಲ್ಲ. ರಾಷ್ಟ್ರೀಯ ಸಂಶೋಧನಾ ಮಂಡಳಿ 2008ರಲ್ಲಿ ಹೊರತಂದ ವರದಿ ಹರಿವಿನ ಪ್ರಮಾಣವನ್ನೇ ಮಾಲಿನ್ಯದ ಸೂಚಕವಾಗಿ ನಿಯಂತ್ರಿಸುವುದು ಒಳಿತು ಎಂದಿತು. ಇಪಿಎ 2011ರಲ್ಲಿ ವರ್ಜೀನಿಯಾದ ಅಕೋಟಿಂಕ್ ಹೊಳೆಗೆ ಹಾಗೆಯೇ ಮಿತಿ ಹಾಕಿತು: ಹೂಳಿಗೆ ಬದಲಾಗಿ ಹರಿದು ಬರುವ ಮಳೆನೀರಿಗೇ ಮಿತಿ. ಫೇರ್‌ಫ್ಯಾಕ್ಸ್ ಕೌಂಟಿಯೂ ರಾಜ್ಯದ ಸಾರಿಗೆ ಇಲಾಖೆಯೂ ಕೋರ್ಟಿಗೆ ಹೋದವು. 2013ರ ಜನವರಿಯಲ್ಲಿ ಫೆಡರಲ್ ನ್ಯಾಯಾಧೀಶರು, ಕಾಯಿದೆ ನಿಯಂತ್ರಿಸಲು ಹೇಳಿರುವುದು ಮಾಲಿನ್ಯವನ್ನು, ಮಳೆನೀರು ಮಾಲಿನ್ಯವಲ್ಲ ಎಂದು ಆ ಮಿತಿಯನ್ನು ರದ್ದುಗೊಳಿಸಿದರು. ಕಾಯಿದೆಯ ಓದಿನಂತೆ ತೀರ್ಪು ಸರಿಯೇ ಇರಬಹುದು. ಆದರೆ ಡಾಂಬರು, ಕಾಂಕ್ರೀಟಿನಿಂದ ಮುಚ್ಚಿದ ನೆಲದಿಂದ ಒಮ್ಮೆಗೇ ನುಗ್ಗುವ ನೀರು ತಾನೇ ದಡ ಕೊರೆದು ಹೂಳು ಹುಟ್ಟಿಸುತ್ತದೆ. ಕೊಳವೆಯ ಬಾಯಲ್ಲಿ ಅಳೆದ ಯಾವ ಶೇಕಡಾವಾರಿಗೂ ಆ ಹೂಳು ಸಿಗುವುದಿಲ್ಲ. ಕಾಯಿದೆಯ ಮಾತು ಹೊಳೆಯ ಸತ್ಯಕ್ಕಿಂತ ಹಿಂದುಳಿದಿದೆ ಎಂದು ಹೇಳದೆ ವಿಧಿಯಿಲ್ಲ.

ಅಳತೆಯ ಪಟ್ಟಿಯಲ್ಲೇ ಇರದ ವಿಷದ ಬಗ್ಗೆ ಏನು ಮಾಡಬೇಕು? ಸಿಯಾಟಲ್ಲಿನ ಲಾಂಗ್‌ಫೆಲೋ ಮೊದಲಾದ ನಗರದ ಹೊಳೆಗಳಲ್ಲಿ ಮೊಟ್ಟೆಯಿಡಲು ಸಮುದ್ರದಿಂದ ಮರಳಿದ ಕೋಹೋ ಸಾಲ್ಮನ್ ಮೀನುಗಳು ಹೊಟ್ಟೆಯಲ್ಲಿ ಮೊಟ್ಟೆ ಹೊತ್ತೇ ಸಾಯುತ್ತಿದ್ದವು. 2000ದ ದಶಕದ ಸಮೀಕ್ಷೆಗಳಲ್ಲಿ ಸಾವಿನ ಪ್ರಮಾಣ ಶೇ 60ರಿಂದ 100. ಹೂಳು, ಲೋಹ, ರಂಜಕ ಯಾವ ಅಳತೆಯೂ ಕಾರಣ ಹೇಳಲಿಲ್ಲ. ಜುಲಾನ್ ಸ್ಪ್ರಾಮ್‌ಬರ್ಗ್, ಜೆನಿಫರ್ ಮ್ಯಾಕಿಂಟೈರ್ ಮತ್ತು ಜೊತೆಗಾರರು ನೇರ ಮೀನನ್ನೇ ಅಳತೆಗೋಲು ಮಾಡಿಕೊಂಡರು. ಹೆದ್ದಾರಿಯಿಂದ ಇಳಿದ ನೀರಿನಲ್ಲಿಟ್ಟ ಮೀನುಗಳು 24 ಗಂಟೆಯೊಳಗೆ ಸತ್ತವು ಇಲ್ಲವೇ ಸಾವಿನ ಲಕ್ಷಣ ತೋರಿದವು. ಅದೇ ನೀರನ್ನು ಶೇ 60 ಮರಳು, ಶೇ 40 ಕಾಂಪೋಸ್ಟ್ ಬೆರೆಸಿದ ಮಣ್ಣಿನ ಕಂಬದ ಮೂಲಕ ಇಳಿಸಿದ ಮೇಲೆ ಮೀನುಗಳು ಬದುಕಿದವು. ಕೊಲ್ಲುತ್ತಿದ್ದ ವಸ್ತು ಯಾವುದೆಂದು ಗೊತ್ತಾಗುವ ಮುಂಚೆಯೇ ಪಾತಿ ಕೆಲಸ ಮಾಡುತ್ತದೆ ಎಂದು ಸಾಬೀತಾಗಿತ್ತು. ಇದೇ ಬಗೆಯ ಕಾಂಪೋಸ್ಟ್ ಮಿಶ್ರಣ ರಂಜಕವನ್ನು ಹೊರಸೂಸುತ್ತದೆ ಎಂಬುದೂ ನಿಜ. ಹಾಗಾದರೆ ಅದು ಒಳ್ಳೆಯದೋ ಕೆಟ್ಟದ್ದೋ? ಪಾಚಿ ಕಟ್ಟುವ ಕೆರೆಯ ಮೇಲ್ಗಡೆ ಕೆಟ್ಟದ್ದು, ಸಾಲ್ಮನ್ ಹತ್ತುವ ಹೊಳೆಯ ಪಕ್ಕ ಜೀವದಾನ. ಒಂದೇ ಅಂಕಿ ಎರಡೂ ಕಡೆಗೆ ಉತ್ತರ ಕೊಡಲಾರದು.

2020ರ ಡಿಸೆಂಬರಿನಲ್ಲಿ ಆ ವಿಷದ ಹೆಸರು ಗೊತ್ತಾಯಿತು: ಟೈರು ಬಿರುಕುಬಿಡದಂತೆ ಬೆರೆಸುವ 6ಪಿಪಿಡಿ ಎಂಬ ರಾಸಾಯನಿಕ ಓಝೋನಿನೊಂದಿಗೆ ಸೇರಿ ಹುಟ್ಟುವ 6ಪಿಪಿಡಿ-ಕ್ವಿನೋನ್. ಅಳತೆಯ ಚರಿತ್ರೆಯಲ್ಲಿ ಇಂಥದ್ದೇ ಇನ್ನೊಂದು ತಿರುವು ಮೊದಲೂ ಬಂದಿತ್ತು. 1983ರ ವರದಿಯಲ್ಲಿ ನಡುಮಟ್ಟದ ಸೀಸ ಲೀಟರಿಗೆ 144 ಮೈಕ್ರೋಗ್ರಾಂ. ಎರಡು ದಶಕದ ಬಳಿಕ ರಾಬರ್ಟ್ ಪಿಟ್ ಮತ್ತು ಅಲೆಕ್ಸ್ ಮೇಸ್ಟ್ರೆ ದೇಶದ ನಗರಗಳ ಮಾಹಿತಿ ಕಲೆಹಾಕಿದಾಗ ಅದು ಇಪ್ಪತ್ತಕ್ಕೂ ಕೆಳಗಿಳಿದಿತ್ತು. ಆ ಇಳಿಕೆಯ ಮುಖ್ಯ ಶ್ರೇಯಸ್ಸು ಪೆಟ್ರೋಲಿನಿಂದ ಸೀಸ ತೆಗೆದುದಕ್ಕೆ ಸಲ್ಲುತ್ತದೆ. ದೇಶದ ಹೊಂಡಗಳೆಲ್ಲ ಸೇರಿದರೂ ಅಷ್ಟು ತಗ್ಗಿಸಲಾಗುತ್ತಿರಲಿಲ್ಲ. ಶೇಕಡಾ ನಿವಾರಣೆಯ ಲೆಕ್ಕದಲ್ಲಂತೂ ಬರುವ ನೀರು ತಿಳಿಯಾದಷ್ಟೂ ಹೊಂಡಗಳ ಅಂಕ ಇಳಿದು, ಈ ಗೆಲುವು ಸೋಲಿನಂತೆ ಕಾಣುತ್ತದೆ. ತಾಮ್ರಕ್ಕೂ ಅದೇ ದಾರಿ ಹಿಡಿದು ಕ್ಯಾಲಿಫೋರ್ನಿಯಾ ಮತ್ತು ವಾಷಿಂಗ್ಟನ್ 2010ರಲ್ಲಿ ಬ್ರೇಕ್ ಪ್ಯಾಡುಗಳಲ್ಲಿನ ತಾಮ್ರವನ್ನು ಹಂತಹಂತವಾಗಿ ಕಡಿತಗೊಳಿಸುವ ಕಾಯಿದೆ ಮಾಡಿದವು. 2023ರ ಅಕ್ಟೋಬರಿನಿಂದ ಕ್ಯಾಲಿಫೋರ್ನಿಯಾದಲ್ಲಿ 6ಪಿಪಿಡಿ ಬೆರೆಸಿದ ಟೈರುಗಳ ತಯಾರಕರು ಅದಕ್ಕೆ ಬದಲಿ ಇದೆಯೇ ಎಂದು ಪರಿಶೀಲಿಸಬೇಕಾಗಿದೆ. 2024ರ ಜನವರಿಯಲ್ಲಿ ಇಪಿಎ ಆ ವಿಷವನ್ನು ನೀರಿನಲ್ಲಿ ಅಳೆಯುವ ಕರಡು ವಿಧಾನವನ್ನು ಪ್ರಕಟಿಸಿತು. ಆ ವಿಧಾನ ಉತ್ತರ ಕೊಡುವುದು ಲೀಟರಿಗೆ ಎಷ್ಟು ನ್ಯಾನೋಗ್ರಾಂ ಎಂಬ ಲೆಕ್ಕದಲ್ಲಿ. ಕೋಹೋ ಮೀನು ಎಷ್ಟು ನ್ಯಾನೋಗ್ರಾಮಿಗೆ ಸಾಯುತ್ತದೆ ಎಂಬುದೂ ಅದೇ ಲೆಕ್ಕದಲ್ಲಿ ಗೊತ್ತಿರುವುದರಿಂದ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು.